ಅರ್ಧ ಉಂಡಿ

ಹಡರ್ಸ್‌ಫೀಲ್ಡಿನ ಈ ಶಾಲೆಯ ಅಡುಗೆಮನೆಯಲ್ಲಿ
ಫ್ರಿಜ್ಜಿನ ಪಕ್ಕದ ಗೋಡೆಗೆ ಹನ್ನೊಂದು ಮಕ್ಕಳು.
ಪ್ರತಿ ಮುಖದ ಕೆಳಗೆ ಕೆಂಪಕ್ಷರದಲ್ಲಿ ಅವರವರ ವಿಷ:
ಕೀಲನ್‌ಗೆ ಹಾಲು. ಜುನೈರಾಗೆ ಮೊಟ್ಟೆ.
ಅವಳಿ ಹುಡುಗರಲ್ಲಿ ಒಬ್ಬನಿಗೆ ಮಾತ್ರ ಮೀನು,
ಯಾವನಿಗೆಂದು ತಿಳಿಯಲು ಹುಬ್ಬಿನ ಮೇಲಿನ ಗಾಯದ ಗುರುತು ನೋಡಬೇಕು.
ಎಳ್ಳು, ಸಾಸಿವೆ, ಗೋಧಿ, ಶೇಂಗಾ.
ನಮ್ಮವ್ವನ ಡಬ್ಬಿಗಳ ಸಾಲೇ ಎದ್ದು ಬಂದು
ಪೊಲೀಸ್ ಠಾಣೆಯ ಬೋರ್ಡಿಗೆ ಏರಿದಂತಿದೆ.

ಕೆಲಸಕ್ಕೆ ಸೇರಿದ ಮೊದಲ ವಾರ
ನನಗೆ ನಗು ಬಂದಿತ್ತು, ಸುಳ್ಳೇಕೆ ಹೇಳಲಿ.
ಉಂಡು ಸಾಯುವವರೂ ಉಂಟೇ?
ಉಣ್ಣದೆ ಸತ್ತವರನ್ನಷ್ಟೇ ಕೇಳಿ ಬಲ್ಲೆ.

ಮಂಗಳವಾರ ನರ್ಸ್ ಬರ್ನಡೆಟ್ ಬಂದಳು.
ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ನಮ್ಮ ಆರು ಮಂದಿಯನ್ನು ಕೂರಿಸಿ
ಸೂಜಿಯಿಲ್ಲದ ಪೆನ್ನು ಕೈಗಿಟ್ಟಳು.
"ನೀಲಿ ಮುಚ್ಚಳ ತೆಗಿ. ಕಿತ್ತಳೆ ತುದಿ ತೊಡೆಗೆ.
ಬಟ್ಟೆಯ ಮೇಲೆಯೇ ಸಾಕು, ಟಕ್ ಎನ್ನುವ ತನಕ ಒತ್ತು.
ಮಲಗಿಸು. ಉಸಿರು ಕಷ್ಟವಾದರೆ ಕೂರಿಸು, ನಡೆಸಬೇಡ.
ಒಂಬತ್ತು ಒಂಬತ್ತು ಒಂಬತ್ತು."

ನನ್ನ ತೊಡೆಗೆ ನಾನೇ ಒತ್ತಿಕೊಂಡೆ.
ಟಕ್.

ಆಮೇಲೆ ಹಾಳೆ ಹಂಚಿದಳು, ಪ್ಲಾಸ್ಟಿಕ್ ಹೊದಿಸಿದ್ದು:
ತುಟಿ ಊದುವುದು. ಮೈತುಂಬ ಗಂಧೆ.
ಧ್ವನಿ ಒಡೆಯುವುದು. ಉಸಿರಿನಲ್ಲಿ ಸಿಳ್ಳೆ.
ಒಮ್ಮೆಗೇ ಸುಮ್ಮನಾಗುವುದು.

ಆ ಕೊನೆಯ ಸಾಲಿನ ಮೇಲೆ ನನ್ನ ಬೆರಳು ನಿಂತುಬಿಟ್ಟಿತು.

ಪಂಚಮಿಯ ದಿನ, ಜೋಕಾಲಿಯ ಹಗ್ಗ ಇನ್ನೂ ತೂಗುತ್ತಿರುವಾಗ
ನಮ್ಮ ಕಲ್ಲವ್ವ ಸುಮ್ಮನಾದದ್ದು ಹೀಗೆಯೇ.
ನಾಲ್ಕು ವರ್ಷದವಳು. ತುಟಿ ಬದನೆಕಾಯಿಯಂತೆ,
ಮೈಮೇಲೆ ಹೆಡೆ ಬಿಚ್ಚಿದ ಕೆಂಪು ದದ್ದು.
ಓಣಿಯವರದೆಲ್ಲ ಒಂದೇ ಮಾತು: ನಾಗಪ್ಪನ ಸಿಟ್ಟು.
ಯಾರೋ ಕೇಳಿದರು, ಇವತ್ತು ಈ ಮನೆಯಲ್ಲಿ ಹೆಚ್ಚಿದವರು ಯಾರು?
ಅವ್ವ ಬೆಳಿಗ್ಗೆ ಮರೆತು ಈಳಿಗೆಯ ಮುಂದೆ ಕೂತು
ಒಂದು ಸೌತೆಕಾಯಿ ಹೆಚ್ಚಿದ್ದಳು.

ಆ ಒಂದು ಸೌತೆಕಾಯಿ
ನಲವತ್ತು ವರ್ಷ ಅವಳನ್ನು ಹೆಚ್ಚಿತು.
ಈಳಿಗೆಯನ್ನು ಹಾಳು ಬಾವಿಗೆ ಎಸೆದಳು.
ಆಮೇಲೆ ತರಕಾರಿಯನ್ನೆಲ್ಲ ಕೈಯಲ್ಲೇ ಮುರಿದಳು,
ಬೆಂಡೆ, ಹೀರೆ; ಕುಂಬಳವನ್ನು ಕಲ್ಲಿಗೆ ಬಡಿದು.
ಹೋದ ಚೈತ್ರದಲ್ಲಿ ಹೋದಳು, ಇದೇನನ್ನೂ ತಿಳಿಯದೆ.

ಬರ್ನಡೆಟ್ ಇನ್ನೂ ಹೇಳುತ್ತಿದ್ದಳು.
ನಾನು ಅದನ್ನು ನನ್ನ ಮಾತಿಗೆ ತಂದುಕೊಂಡೆ:
ಮೈಯ ಕಾವಲುಗಾರ ಬಂದ ನೆಂಟನನ್ನು ಕಳ್ಳನೆಂದು ತಿಳಿದು
ಇಡೀ ಮನೆಗೆ ಬೆಂಕಿ ಹಚ್ಚುತ್ತಾನೆ.
"ಶೇಂಗಾ ಆದರೆ ಚೂರು ಸಾಕು," ಎಂದಳು,
"ಕೆಲವರಿಗೆ ಉಗುರಿನಷ್ಟು."

ಉಗುರಿನಷ್ಟಲ್ಲ, ಬರ್ನಡೆಟ್. ಅರ್ಧ ಉಂಡಿ.
ಜೋಕಾಲಿಯ ಸರದಿ ನನಗೆ ಬಿಡಲಿ ಎಂದು
ನನ್ನ ಪಾಲಿನ ಶೇಂಗಾ ಉಂಡಿ ಮುರಿದು
ಅವಳ ಬಾಯಿಗಿಟ್ಟವಳು ನಾನು. ಏಳು ವರ್ಷ ನನಗೆ.
ಈಳಿಗೆ ಬಾವಿಗೆ ಬಿದ್ದ ಸದ್ದೂ ಕೇಳಿದ್ದೆ.

"ಪ್ರಶ್ನೆ ಇದೆಯೇ?" ಎಂದಳು. ಕೈ ಎತ್ತಿದೆ.
ಸ್ವಲ್ಪ ಹೊತ್ತು ಇಂಗ್ಲಿಷ್ ಬರಲಿಲ್ಲ.
"ಮನೆಯವರಿಗೆ ಗೊತ್ತೇ ಇರದೆ, ಮೊದಲ ಸಲವೇ ಹೀಗಾಗಬಹುದೇ?"
"ಆಗಬಹುದು." ನನ್ನ ಮುಖ ನೋಡಿ ಚಹಾ ತಂದಳು.
ಹಾಳೆಯ ಹಿಂದೆ ಒಂದು ನಂಬರು ಬರೆದಳು,
ಕರೆ ಮಾಡಿದರೆ ಕೇಳಿಸಿಕೊಳ್ಳುವವರು ಇದ್ದಾರಂತೆ.
ಕನ್ನಡ ಬರಲಿಕ್ಕಿಲ್ಲ.
ಆದರೂ ನಂಬರನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಬುಧವಾರ. ಪಾಸ್ತಾ. ಹೊಸ ಕಂಪನಿಯ ಸಾಸು.
ಕನ್ನಡಕ ಹಾಕಿಕೊಂಡು ಬಾಟಲಿಯ ಬೆನ್ನಿನ ಸಣ್ಣಕ್ಷರ
ಎರಡು ಸಲ ಓದಿದೆ, ಮೂರನೇ ಸಲ ಬಾಯಿಬಿಟ್ಟು,
ಹಾಜರಿ ಕರೆದಂತೆ.
ಕೀಲನ್ ತನ್ನ ನೇರಳೆ ತಟ್ಟೆ ಹಿಡಿದು ಬಂದ.
ದಿನವೂ ಕೇಳುವಂತೆಯೇ ಕೇಳಿದ, "ಇದು ನನ್ನದೇ ತಾನೆ?"
"ನಿನ್ನದೇ," ಎಂದೆ.
ತೊಳೆದಿಟ್ಟ ಸೌಟನ್ನು ಇನ್ನೊಮ್ಮೆ ತೊಳೆದೆ.
ಅವನು ಮೊದಲ ತುತ್ತು ನುಂಗುವ ತನಕ
ಹಿಂದಿನ ಹುಡುಗಿಯನ್ನು ಸಾಲಿನಲ್ಲಿ ಕಾಯಿಸಿದೆ.