ಇನ್ನೂರ ನಲವತ್ತು ವ್ಯಾಟ್

ಹವಲ್ಲಿಯ ಈ ನೆಲಮಾಳಿಗೆಗೆ
ಹೊರಗಿನ ಐವತ್ತು ಡಿಗ್ರಿ ತಾನಾಗಿ ಇಳಿಯುವುದಿಲ್ಲ,
ಗಿರಾಕಿಗಳ ಬೆನ್ನಿಗೆ ಅಂಟಿಕೊಂಡು
ಸ್ವಲ್ಪ ಸ್ವಲ್ಪವೇ ಬರುತ್ತದೆ.
ಶುಕ್ರವಾರ. ಜುಮಾ ಮುಗಿಸಿ ಶಟರ್ ಎತ್ತಿದ್ದೆ ಅಷ್ಟೆ,
ಎಮಿಲ್ಡಾ ಬಾಯಿ ಬಂದಳು,
ಚಕ್ರದ ಸೂಟ್‌ಕೇಸು ಮೆಟ್ಟಿಲು ಮೆಟ್ಟಿಲಿಗೂ ಟಕ್ಕೆನ್ನುತ್ತ.
ಒಳಗೆ ಬೈರಾಸಿನಲ್ಲಿ ಸುತ್ತಿದ ಕಂಪ್ಯೂಟರು,
ಈಗಷ್ಟೇ ಮೀಯಿಸಿ ತಂದ ಮಗುವಿನ ಹಾಗೆ.

ಸಾಲ್ಮಿಯಾದ ನರ್ಸರಿಯಲ್ಲಿ ಆಯಾ ಅವಳು.
ಆಫೀಸಿನವರು ಎಸೆಯಲೆಂದು ಇಟ್ಟದ್ದನ್ನು
ಕೇಳಿ ಪಡೆದಳಂತೆ. ವಯಸ್ಸು ಹನ್ನೊಂದು.
"ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಬಹುದಾ ಬ್ಯಾರಿಗಳೇ?"
ಯಾರಿಗೆ ಅಂದೆ,
ಯಾವುದೋ ಹುಡುಗನ ಹೆಸರು ಬರುತ್ತದೆ ಎಂದುಕೊಂಡು.
"ನನಗೇ. ಲಾರಿ ಬಿಡಲಿಕ್ಕೆ."

ಅವಳ ಸಂಬಳಕ್ಕೆ ಈ ಊರಲ್ಲಿ ಲೈಸೆನ್ಸು ಇಲ್ಲ.
ಹದಿನಾರು ವರ್ಷ ವ್ಯಾನಿನ ಹಿಂದಿನ ಸೀಟಿನಲ್ಲಿ
ಬೇರೆಯವರ ಮಕ್ಕಳಿಗೆ ಬೆಲ್ಟು ಬಿಗಿದಿದ್ದಾಳೆ.
ರಾತ್ರಿ, ಕೋಣೆಯ ಮೂವರೂ ಮಲಗಿದ ಮೇಲೆ,
ಹದಿನೆಂಟು ಚಕ್ರದ ಲಾರಿಗೆ ಮರದ ದಿಮ್ಮಿ ಹೇರಿಕೊಂಡು
ಹೆಸರು ಹೇಳಲು ನಾಲಿಗೆ ಹೊರಳದ ಯಾವುದೋ ದೇಶ ದಾಟುತ್ತಾಳೆ.
"ತಿರುವು ಬಂದರೆ ತಡವರಿಸುತ್ತದೆ. ಚಿತ್ರ ನಿಲ್ಲುತ್ತದೆ,
ಮತ್ತೆ ಹೊರಡುವಷ್ಟರಲ್ಲಿ
ನಾನು ಚರಂಡಿಯಲ್ಲಿ."

ಮುಚ್ಚಳ ತೆಗೆದೆ.
ಗಾಳಿಯೂ ಮರಳೂ ಸೇರಿ ಫ್ಯಾನಿನ ರೆಕ್ಕೆಗಳಿಗೆ
ಕಂಬಳಿ ಹೊದೆಸಿದ್ದವು.
ಊದಿದೆ, ಬ್ರಶ್ಶಿನಿಂದ ಕೆರೆದೆ, ಸೀನಿದೆ.
ಆಮೇಲೆ ಲೆಕ್ಕ.
ಪ್ರೊಸೆಸರು ಮುದುಕ: ಕಾರ್ಡು ಎಷ್ಟೇ ಓಡಿದರೂ
ಇವನು ಅದರ ಅಂಗಿ ಹಿಡಿದು ಎಳೆಯುತ್ತಾನೆ.
ಕರೆಂಟಿನ ಡಬ್ಬ ಇನ್ನೂರ ನಲವತ್ತು ವ್ಯಾಟ್,
ಮೂರು ಫ್ಯಾನಿನದು ಕೂತರೆ ಉಸಿರೇ ಕಟ್ಟೀತು.
ಪೆಟ್ಟಿಗೆಯೋ, ಸಪೂರ.
ಹಿಡಿಸುವಂಥ ಸಣ್ಣದೊಂದಿದೆ, ಬಳಸಿದ್ದು, ಇಪ್ಪತ್ತೆಂಟು ದಿನಾರು.
ಅದರಲ್ಲಿ ಆರು ನನ್ನದು.
ತಿಂಗಳ ಕೊನೆಯ ಆರು, ಬಾಡಿಗೆ ಕಾಯುತ್ತಿರುವ ಆರು.

"ಮೂಗಿಗಿಂತ ಮೂಗುತಿ ಭಾರ" ಅಂದೆ.
"ಮೂಗು ನನ್ನದಲ್ಲವಾ" ಅಂದಳು.

ನಗು ಬಂತು. ಕಾರ್ಡು ಕಪಾಟಿನಿಂದ ಕೈಗೂ ಬಂದಿತ್ತು.
ಆದರೂ ಕೇಳಿದೆ:
ನಿಮಗೆ ಕಾಣಬೇಕಾದದ್ದು ಏನು, ಸರಿಯಾಗಿ ಹೇಳಿ.
ಮೋಡವಾ? ನೀರಿನ ಮೇಲಿನ ಬಿಸಿಲಾ?
ಹುಲ್ಲಿನ ಒಂದೊಂದು ಎಸಳಾ?
ಬೈರಾಸನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.
"ಕನ್ನಡಿ."

ಲಾರಿಯ ಎರಡು ಬದಿಯ ಕನ್ನಡಿಗಳೂ ಬರೀ ಬೂದಿ.
ಹಗುರವಾಗಲಿ ಎಂದು ಯಾರೋ ಹಾಗೆ ಮಾಡಿಕೊಟ್ಟರಂತೆ.
"ಮುಂದೆ ಹೋಗುತ್ತಾ ಇರುತ್ತೇನೆ.
ಹಿಂದೆ ಏನು ಅಂತಲೇ ಗೊತ್ತಾಗುವುದಿಲ್ಲ."

ಕಾರ್ಡನ್ನು ಅದರ ಜಾಗದಲ್ಲಿಟ್ಟೆ.
ಸೆಟ್ಟಿಂಗ್ ತೆರೆದು ಒಂದೊಂದೇ ಆರಿಸುತ್ತ ಬಂದೆ,
ಮಲಗುವ ಮುಂಚೆ ಮನೆಯ ದೀಪಗಳನ್ನು ಆರಿಸುವ ಹಾಗೆ.
ನೆರಳು ಹೋಯಿತು. ಹುಲ್ಲು ಹೋಯಿತು.
ಬೆಟ್ಟಗಳು ತೇದ ಸಾಬೂನಿನ ತುಂಡುಗಳಾದವು,
ಆಕಾಶ ಒಂದೇ ಕೋಟ್ ಪೇಂಟ್ ಹೊಡೆದ ಗೋಡೆ.
ಮರಗಳು, ಒಂದು ಕಂದು ಕಡ್ಡಿ, ಮೇಲೊಂದು ಹಸಿರು ಉಂಡೆ.
"ಇವು ನನಗೆ ಗೊತ್ತು" ಅಂದಳು, "ನಮ್ಮ ಮಕ್ಕಳೂ ಹೀಗೇ ಬಿಡಿಸುವುದು."
ಕನ್ನಡಿ ಮಾತ್ರ ಪೂರ್ತಿ ಮೇಲಕ್ಕೆ.

ಸ್ಟೂಲಿನಲ್ಲಿ ಕೂತು ಚಪ್ಪಲಿ ಕಳಚಿದಳು,
ಬಾಣದ ಗುಂಡಿಗಳ ಮೇಲೆ ಮೂರು ಬೆರಳು.
ತಿರುವು. ಹಿಡಿಯಿತು.
ಇನ್ನೊಂದು. ಬಿಡಲಿಲ್ಲ.
ಬೆಣ್ಣೆ ಅನ್ನಲಾರೆ;
ಕಾದ ಕಾವಲಿಯಿಂದ ಎರಡನೆಯ ದೋಸೆ ಎದ್ದಷ್ಟು ಸಲೀಸು.

ಎಷ್ಟಾಯಿತು ಅಂದಳು. ಧೂಳಿಗೆ ಒಂದು ದಿನಾರು ಅಂದೆ.
ಕಪಾಟಿನ ಕಡೆ ಒಮ್ಮೆ ನೋಡಿದೆ, ಸುಳ್ಳು ಯಾಕೆ.
ಎರಡು ವರ್ಷ ಬಂದೀತಾ? ಒಂದು ಅಂದೆ.
ಸರಿ, ಒಂದು, ಅಂದಳು,
ಕಣ್ಣು ಪರದೆಯಿಂದ ಕದಲದೆ.

ಮುಂದೆ ರಸ್ತೆ ಕವಲೊಡೆಯುತ್ತಿತ್ತು.
ಎಡಗಡೆಯ ಕನ್ನಡಿಯಲ್ಲಿ, ಅಂಗೈಯಗಲದಲ್ಲಿ,
ಅವಳದೇ ದಿಮ್ಮಿಗಳು, ಅವಳು ದಾಟಿ ಬಂದ ದಾರಿ
ಬಿಳಿ ಗೆರೆ ಸಮೇತ.
"ಹಿಂದೆ ಯಾರೂ ಇಲ್ಲ" ಅಂದಳು.
ಆದರೂ ಇಂಡಿಕೇಟರ್ ಹಾಕಿದಳು.