ಕತ್ತಿಯ ಹಿಂದ

ನುಮಾಯಿಶಿಗೆ ಹೋದವರು ಕುಕ್ಕರ್ ತರ್ತೀನಂದಿದ್ರು.
ತಂದದ್ದು ಜಪಾನಿ ಕತ್ತಿ.
ಉರ್ದು ಪೇಪರು ಬಿಚ್ಚಿದ್ರ ಕರಿ ಒರಿ, ಕೆಂಪು ಲಾಡಿ,
ಹಿಡಿಗೆ ಹಾವಿನ ಹೊಟ್ಟಿಹಂಗ ನೇಯ್ದ ಹುರಿ.
"ಧಾರಿ ಇಲ್ಲ, ಶೋಕಿಂದು" ಅಂದ್ರು, ನಾ ಕೇಳೂಕಿಂತ ಮೊದಲ.
ಉಳ್ಳಾಗಡ್ಡಿ ಮ್ಯಾಲೆ ಎಳದು ನೋಡಿದೆ.
ಸಿಪ್ಪಿ ಸೈತ ಬಿಡಲಿಲ್ಲ.

ಎಲ್ಲಿ ಇಡೂದು?
ಬಾಗಿಲ ಮ್ಯಾಲೆ ಅಂದ್ರ ಬಂದವರ ತಲಿ ಮ್ಯಾಲೆ.
ದೇವರ ಮಾಡದಾಗ ಹಿಡೀಲಿಲ್ಲ, ಹಿಡಿ ಹೊರಗ, ತುದಿ ಹೊರಗ,
ತನ್ನದೇ ಕತ್ತಿ ಇದ್ದ ವೀರಭದ್ರ ಸುಮ್ಮ ನೋಡ್ದ.
ಗ್ವಾಡಿಗೆ ಮೊಳಿ ಹೊಡದ್ರು. ನಮ್ಮ ಬೀದರ ಕೆಂಪು ಕಲ್ಲು
ಒಂದೇ ಹೊಡತಕ್ಕ ಬೆಲ್ಲದಂಗ ಉದುರ್ತು.
ಮೂರು ಮೊಳಿ, ಮೂರು ತೂತು,
ಮೂರನೇದ್ರಾಗ ಈಗ ಇರವಿ ಮನಿ ಮಾಡ್ಯಾವ.

ಮಗಳು ಮೇಘಮಾಲಾ ಎಲ್ಲೋ ಓದಿ ಬಂದು ಹೇಳಿದ್ಳು:
ಅಡ್ಡ ಇಡಬೇಕು, ಬಾಯಿ ಮ್ಯಾಲೆ ಮಾಡಿ,
ಹಿಡಿ ಎಡಕ್ಕಿದ್ರ ಸಮಾಧಾನ,
ಬಲಕ್ಕಿದ್ರ ಜಗಳಕ್ಕ ತಯಾರು.
ನಾ ಈಳಿಗಿ ನೋಡ್ದೆ.
ಅದೂ ದಿನಾ ಬಾಯಿ ಮ್ಯಾಲೆ ಮಾಡೇ ಕೂಡ್ತದ.
ಅದರ ಮಾರಿ ಯಾವ ಕಡಿ ಅಂತ
ಇಷ್ಟು ವರ್ಷದಾಗ ಒಬ್ಬರೂ ಕೇಳಿಲ್ಲ.

ಬಿದ್ರಿ ಕೆಲಸದ ಖದೀರ ಚಾಚಾ ಬಂದ್ರು, ಹಂಗೇ, ಚಾಕ್ಕ.
ಕಣ್ಣು ಸಣ್ಣ ಮಾಡಿ,
"ಸುಣ್ಣದ ಗ್ವಾಡಿ, ಹೊಳಿಯೋ ಕತ್ತಿ.
ಬೆಳಕಿನ್ಯಾಗ ಬೆಳಕು ಹೆಂಗ ಕಾಣ್ತದ ಭಾಯಿ?
ಬೆಳ್ಳಿ ಕೂಡ್ಸೂದು ಏನು ದೊಡ್ಡದು.
ಕಿಲ್ಲೇದ ಮಣ್ಣು ಹಚ್ಚಿ
ಸುತ್ತಲಿಂದು ಕಪ್ಪು ಮಾಡೂದೇ ಕೆಲಸ."
ಬಶಿಯಾಗಿಂದು ಸೊರ್ರಂತ ಎಳದು ಎದ್ದು ಹೋದ್ರು.

ಕಪ್ಪು ಎಲ್ಲಿಂದ ತರೂದು?
ಟ್ರಂಕಿನಾಗ ಮಾವನ ಕಂಬಳಿ ಇತ್ತು,
ರೈಲ್ವೆ ಗೇಟಿನಾಗ ರಾತ್ರಿಪಾಳಿ ಮಾಡಿದ್ದು,
ಮೂಲ್ಯಾಗ ಬೀಡಿ ಸುಟ್ಟ ತೂತು.
ಜಂತಿಗೆ ಕಟ್ಟಿ ಇಳಿಬಿಟ್ವಿ.
ಮುಂದ ಮೇಜು, ಮೇಜಿನ ಮ್ಯಾಲೆ ಕತ್ತಿ,
ಎಡಕ್ಕ ಹಿಡಿ, ಮ್ಯಾಲೊಂದು ಸಣ್ಣ ಬಲ್ಬು.
ಖರೇ ಹೇಳ್ತೀನಿ,
ನೌಬಾದಿನ ಸುರಂಗದಾಗ ನೀರು
ಒಮ್ಮಿ ಮಿಂಚಿದಂಗ ಇತ್ತು.

ಬಂದವರು ಕತ್ತಿ ಹೊಗಳ್ತಾರ.
ಇವರು ಹೂಂ ಅಂತ ಬೀಡಿ ತೂತಿನ ಕಡಿ ನೋಡ್ತಾರ.

ಎಳ್ಳಮಾಸಿ ಮುಂದ ಥಂಡಿ ಬಿತ್ತು.
ಬೀದರ ಥಂಡಿ, ಕೇಳಬ್ಯಾಡ್ರಿ.
ನಡುರಾತ್ರಿ ನೀರಿಗಂತ ಎದ್ದೆ.
ಬಲ್ಬು ಹತ್ತೇ ಅದ,
ಕತ್ತಿ ಬಿಳಿ ಗ್ವಾಡಿ ಮುಂದ ತಗಡಿನಂಗ ಬಿದ್ದದ,
ಹಿಂದ ಮೂರು ತೂತು.
ಇವರು ತಲಿತನಕ ಮುಸುಕು ಹೊದ್ದು ಮಲಗ್ಯಾರ,
ಕಂಬಳಿ ತೂತಿನಿಂದ
ಒಂದು ಬಟ್ಟು ಹೊರಗ.