ತಕ್ಕಡಿಗೆ ಬೆನ್ನು

ಬೈತಖೋಲದ ದಕ್ಕೆಯಿಂದ ಮೊದಲ ಬುಟ್ಟಿ ಬರುವಾಗ
ಇನ್ನೂ ಕತ್ತಲೆ. ಬಂಗಡೆ, ತಾರ್ಲೆ, ಅದೃಷ್ಟವಿದ್ದರೆ ನೊಗಲಿ.
ಇಪ್ಪತ್ತೆರಡು ವರ್ಷ ಆಯಿತು, ನಾನು ಕಾರವಾರದ ಮೀನುಪೇಟೆಯಲ್ಲಿ ಕೂತು.
ಕೈಯಲ್ಲಿ ಎತ್ತಿದರೆ ಸಾಕು, ಎಷ್ಟೆಂದು ಹೇಳುತ್ತೇನೆ;
ತಕ್ಕಡಿ ಬರೀ ಗಿರಾಕಿಯ ಸಮಾಧಾನಕ್ಕೆ.

ಅಂಥವಳಿಗೆ
ಮನೆಯೊಳಗೊಂದು ಜೀವ ಹಗುರಾಗುತ್ತಿದ್ದದ್ದು ತಿಳಿಯಲಿಲ್ಲ.

ಸೋನಲ್ ದೊಗಲೆ ಅಂಗಿ ಹಾಕಿದಳು, ಒಂದರ ಮೇಲೊಂದು.
ಮೇ ತಿಂಗಳ ಸೆಖೆಯಲ್ಲಿ ಕಂಬಳಿ ಹೊದ್ದಳು.
"ಕಾಲೇಜಿನಲ್ಲೇ ತಿಂದೆ" ಅಂದಳು. ನಂಬಿದೆ.
ತಮ್ಮನ ಬಟ್ಟಲಿಗೆ ಮುಳ್ಳು ಬಿಡಿಸಿ ಬಿಡಿಸಿ ಹಾಕುವಳು,
ನಡುರಾತ್ರಿವರೆಗೂ ಅಡುಗೆಯ ವಿಡಿಯೋ ನೋಡುವಳು;
ಹುಡುಗಿಗೆ ಸಂಸಾರದ ಬುದ್ಧಿ ಬಂತು, ಎಂದುಕೊಂಡೆ.
ಬಾಚಣಿಗೆಯಲ್ಲಿ ಕೂದಲು, ಹರಿದ ಬಲೆಯ ಹಾಗೆ.
ಮುಟ್ಟು ನಿಂತು ನಾಲ್ಕು ತಿಂಗಳು.
ಅದನ್ನು ನಾನು ಬೇರೆಯದೇ ಭಯದಲ್ಲಿ ಕೇಳಿದೆ.
ನಕ್ಕಳು.
ಆ ನಗೆಯ ಭಾರ ಇವತ್ತಿಗೂ ನನ್ನ ಕೈಗೆ ಸಿಕ್ಕಿಲ್ಲ.

ಸೊಕ್ಕು ಎಂದರು ಕೆಲವರು. ಮಾವಶಿ ದೃಷ್ಟಿ ತೆಗೆದಳು.
ನಾನು ಹರಕೆ ಹೊತ್ತೆ. ಹೊಡೆದೆ ಕೂಡ, ಒಮ್ಮೆ,
ದವಡೆ ಹಿಡಿದು ತುತ್ತು ತುರುಕಿ.
ಬಚ್ಚಲಲ್ಲಿ ನಲ್ಲಿ ತಿರುಗಿಸಿ
ಅವಳದನ್ನು ವಾಪಸು ಕೊಟ್ಟಳು.
ನೀರು ಬಹಳ ಹೊತ್ತು ಸುರಿಯಿತು.

ಸದಾಶಿವಗಡದ ಬಸ್ಸಿನಲ್ಲಿ ಕುಸಿದು ಬಿದ್ದ ದಿನ
ಆಸ್ಪತ್ರೆಯ ಡಾಕ್ಟರು, ಬೀದರ ಕಡೆಯವರು, ಮೀನು ಮುಟ್ಟದವರು,
ನಾಡಿ ಹಿಡಿದು ಗಡಿಯಾರ ನೋಡುತ್ತಲೇ ಇದ್ದರು.
"ಇದು ಹಟ ಅಲ್ಲಮ್ಮಾ, ಕಾಯಿಲೆ.
ಹಸಿದ ಮಿದುಳು ತನಗೆ ತಾನೇ ಸುಳ್ಳು ಹೇಳಿಕೊಳ್ತದ.
ಕನ್ನಡಿ ಅದಕ್ಕೆ ಸಾಕ್ಷಿ ನಿಲ್ತದ."
ಯಾಕೆ ಬಂತು, ಎಂದೆ.
ಒಂದೇ ಯಾಕೆ ಇರೂದಿಲ್ಲ, ಎಂದರು.

ರಾತ್ರಿ ಮಂಚದ ಕಾಲ ಬಳಿ ಕೂತು ಹುಡುಕಿದೆ.
ರತ್ನಾಗಿರಿಯ ಬೋಟು ಹತ್ತಿದ ಅವಳಪ್ಪ
ಅಲ್ಲೇ ಇನ್ನೊಂದು ಒಲೆ ಹೂಡಿದ ವರ್ಷ.
ಪರೇಡಿನಲ್ಲಿ ಯಾರೋ ಇಟ್ಟ ಅಡ್ಡಹೆಸರು.
ಎಲ್ಲ ಕೈತಪ್ಪಿದಾಗ ಅವಳ ಕೈಯಲ್ಲಿ ಉಳಿದದ್ದು
ತನ್ನ ತಟ್ಟೆಯೊಂದೇ.
ಮತ್ತೆ, ಪೇಟೆಯಲ್ಲಿ ಹತ್ತು ಜನರೆದುರು, ನಾನೇ,
ಅವಳ ತೋಳು ಚಿವುಟಿ, ಪ್ರೀತಿಯಿಂದಲೇ:
"ನೋಡಿ ನನ್ನ ಮಗಳು, ಇಸ್ವಾಣದ ತುಂಡು!"
ಎಲ್ಲರೂ ನಕ್ಕಿದ್ದರು. ಅವಳೂ.

ಒಮ್ಮೆಲೇ ಉಣಿಸಬಾರದಂತೆ,
ಬರಗೆಟ್ಟ ದೇಹಕ್ಕೆ ಅನ್ನವೂ ಆಘಾತವಂತೆ.
ದಿನಾ ರಕ್ತ ಪರೀಕ್ಷೆ, ಚಮಚದ ಲೆಕ್ಕದಲ್ಲಿ ಗಂಜಿತಿಳಿ.
ಆಮೇಲೆ ಹಸಿವಿಗೆ ಕಾಯದೆ, ಗಡಿಯಾರ ನೋಡಿ ಊಟ.
ಗುರುವಾರ ಮಾತಿನ ಡಾಕ್ಟರು: ಒಳಗೆ ಅವಳೊಬ್ಬಳೇ,
ಕೊನೆಯ ಹತ್ತು ನಿಮಿಷ ನಾನೂ.
ಅಲ್ಲಿ ನಾನು ಅತ್ತದ್ದೇ ಹೆಚ್ಚು.

ಸೋಮವಾರ ತೂಕ.
ಸಿಸ್ಟರ್ ಬೆನೆಡಿಕ್ಟಾ ಅವಳನ್ನು ತಿರುಗಿಸಿ ನಿಲ್ಲಿಸಿದಳು,
ಅಂಕಿಗೆ ಬೆನ್ನು, ಮುಖ ನನ್ನ ಕಡೆ.
ದಿನವಿಡೀ ತೂಕ ಕೂಗಿ ಹೊಟ್ಟೆ ಹೊರೆದವಳು ನಾನು,
ನೋಡಿದೆ. ಬಾಯಿ ತೆರೆದೆ.
ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟಳು.
ಸೋನಲ್ ನನ್ನ ಮುಖವನ್ನೇ ಓದುತ್ತಿದ್ದಳು.

ಆ ಅಂಕಿಯನ್ನು ನುಂಗಿದೆ.
ಗಂಟಲಲ್ಲಿ ಮುಳ್ಳು ಅಡ್ಡ ನಿಂತ ಹಾಗೆ.
ಒಂದು ತುತ್ತು ಅವಳಿಗೆ ಏನೆಂದು
ಆಗ, ಸ್ವಲ್ಪ.

ಒಂದು ಮಳೆಗಾಲ ದಾಟಿತು. ಮಂಗಳವಾರ
ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಬಟ್ಟಲು ಖಾಲಿ.
ಬುಧವಾರ ತಟ್ಟೆ ದೂಡಿದಳು.
ನಾನು ಎದ್ದು ಹೋಗುವುದಿಲ್ಲ, ಎಣಿಸುವುದಿಲ್ಲ.
"ಮೈ ಕೈ ತುಂಬಿಕೊಂಡೆಯಲ್ಲ" ಎನ್ನುವ ನೆರೆಯವರನ್ನು
ಹೊಸಿಲಾಚೆಯೇ ಮಾತಾಡಿಸಿ ಕಳಿಸುತ್ತೇನೆ.

ಮೊನ್ನೆ ಪೇಟೆಗೆ ಬಂದಳು, ಪಕ್ಕದಲ್ಲಿ ಕೂತಳು.
ಬಂಗಡೆಯೊಂದನ್ನು ಅಂಗೈಯಲ್ಲಿಟ್ಟು
"ಎಷ್ಟಿರಬಹುದು ಆಯಿ?" ಎಂದಳು.
ಯಾರಿಗೆ ಗೊತ್ತು ಮಾರಾಯ್ತಿ, ತಕ್ಕಡಿ ಕೆಟ್ಟಿದೆ, ಎಂದೆ.
ಕೆಟ್ಟಿರಲಿಲ್ಲ. ಅವಳಿಗೂ ಗೊತ್ತು.
ಮೀನನ್ನು ತಿರುಗಿಸಿ ಮುರುಗಿಸಿ ನೋಡಿ,
ತುಸು ಹೊತ್ತು ಬಿಟ್ಟು:
"ಸಂಜೆ ಇದಕ್ಕೆ
ಜುಮ್ಮನಕಾಯಿ ಎರಡು ಹೆಚ್ಚೇ ಹಾಕು."